ಪುನಃಪ್ರವೇಶ ಮೀಮಾಂಸೆ

ಉಪೋದ್ಘಾತ

ಶಾಸ್ತ್ರ ಯಾವುದೇ ಇರಲಿ, ಮೊದಲಿಗೆ ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಯಾರು ಅರ್ಹರು. ಅದರಂತೆ ನಿವೇದಿಸುತ್ತೇವೆ. ವಿಷಯ: ಅಮೆರಿಕದ ಖಾಯಂ ನಿವಾಸಿಗಳೆಂದು ಗ್ರೀನ್ ಕಾರ್ಡ್ ಪಡೆದು, ಬಸವನಗುಡಿಯಲ್ಲೋ ಕುವೆಂಪುನಗರದಲ್ಲೋ ದಾವಣಗೆರೆಯಲ್ಲೋ ಖಾಯಮ್ಮಾಗಿ ನೆಲೆಸಿರುವ ತಂದೆತಾಯಂದಿರು ಬಹುಕಾಲದ ಮೇಲೆ ಆ ದೇಶದ ಗಡಿಯೊಳಕ್ಕೆ ಮರಳುವ ಬಗೆ. ಪ್ರಯೋಜನ: ಮೊಮ್ಮಕ್ಕಳು. ಸಂಬಂಧ: ಮೊಮ್ಮಕ್ಕಳನ್ನು ನೋಡಬೇಕಾದರೆ ಗಡಿ ದಾಟಬೇಕು, ಗಡಿ ದಾಟಬೇಕಾದರೆ ಮೊಮ್ಮಕ್ಕಳನ್ನು ನೋಡಿಕೊಂಡು ಹೋಗಲು ಬಂದಿದ್ದೇವೆ ಎನ್ನಕೂಡದು. ಅರ್ಹರು: ಒಂದು ಜೇಬಿನಲ್ಲಿ ಹಿರಿಯ ನಾಗರಿಕರ ಗುರುತಿನ ಚೀಟಿ, ಇನ್ನೊಂದರಲ್ಲಿ ಗ್ರೀನ್ ಕಾರ್ಡ್ ಇಟ್ಟುಕೊಂಡವರು, ಮತ್ತು ಅವರಿಗೆ ಟಿಕೆಟ್ ಮಾಡಿಸುವ ಮಕ್ಕಳು.

ನಮ್ಮ ತರ್ಕ, ವ್ಯಾಕರಣ, ಮೀಮಾಂಸೆಗಳಲ್ಲಿ ಉದಾಹರಣೆಗೆ ಜನ ಬೇಕಾದಾಗಲೆಲ್ಲ ದೇವದತ್ತ, ಯಜ್ಞದತ್ತ ಎಂಬಿಬ್ಬರು ಬಂದು ನಿಲ್ಲುತ್ತಾರೆ. ಎರಡು ಸಾವಿರ ವರ್ಷ ಸಂಬಳವಿಲ್ಲದೆ ದುಡಿದ ಅವರನ್ನು ನಾವೂ ಕರೆಸಿಕೊಂಡಿದ್ದೇವೆ. ಪ್ರಾಚೀನರು ದೇವದತ್ತನಿಗೆ ಏಕವಚನ ಬಳಸಿದರು. ನಮ್ಮ ದೇವದತ್ತರು ಎಪ್ಪತ್ತು ದಾಟಿದವರು, ಸರ್ಕಾರಿ ನೌಕರಿಯಿಂದ ನಿವೃತ್ತರು, ಮೈಸೂರಿನಲ್ಲಿ ಸ್ವಂತ ಮನೆಯುಳ್ಳವರು, ಆದಕಾರಣ ಬಹುವಚನ. ಯಜ್ಞದತ್ತ ಅವರ ಮಗ, ನ್ಯೂಜೆರ್ಸಿಯ ಎಡಿಸನ್‌ನಲ್ಲಿರುತ್ತಾನೆ. ಮಗನಾದ್ದರಿಂದ ಏಕವಚನವೇ ಸಾಕು.

ಪ್ರಥಮ ಪ್ರಕರಣ: ಕಾರ್ಡಿನ ವಂಶಾವಳಿ

ಈ ಕಾರ್ಡಿನ ಮೂಲಪುರುಷ 1940ರ ವಿದೇಶೀಯರ ನೋಂದಣಿ ಕಾಯ್ದೆ. ಎರಡನೆಯ ಮಹಾಯುದ್ಧದ ನಂತರ ಐ-151 ಎಂಬ ಹಸಿರು ಚೀಟಿ ಹುಟ್ಟಿತು. 1964ರಲ್ಲಿ ಅದು ತಿಳಿನೀಲಿಯಾಯಿತು. 1977ರಿಂದ ಐ-551 ಎಂಬ ನಾಮಾಂತರ ಹೊಂದಿತು. 2010ರಲ್ಲಿ ಮತ್ತೆ ಹಸಿರಾಯಿತು. ಬಿಟ್ಟುಹೋದದ್ದಕ್ಕೆ 46 ವರ್ಷ ಕಳೆದು ಮರಳುವುದು ಈ ಕಾರ್ಡಿನ ಹುಟ್ಟುಗುಣವೆಂದು ಇದರಿಂದ ಸಿದ್ಧವಾಗುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡವರಿಗೂ ಆ ಗುಣ ಸ್ವಲ್ಪ ತಗುಲಿದರೆ ದೂರುವಂತಿಲ್ಲ.

ಹುಟ್ಟಿದ ದೇಶ ನೋಡಿ ವಲಸೆಗಾರರ ಪಾಲು ಅಳೆಯುತ್ತಿದ್ದ ಪದ್ಧತಿ 1965ರ ಕಾನೂನಿನಿಂದ ಹೋಯಿತು. ನಮ್ಮ ಎಂಜಿನಿಯರು, ಡಾಕ್ಟರುಗಳು ಹೊರಟರು. 1990ರ ಕಾನೂನಿನಿಂದ ಎಚ್-1ಬಿ ಬಂತು, ಸಾಫ್ಟ್‌ವೇರಿನವರು ಹೊರಟರು. ಯಜ್ಞದತ್ತ ಈ ಎರಡನೆಯ ಅಲೆಯವನು. ನೌಕರಿಯ ಮೂಲಕ ಸಿಗುವ ಕಾರ್ಡುಗಳಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮವಿದೆ. ಭಾರತೀಯರ ಸಾಲು ಅಲ್ಲೇ ಬೆಳೆದು ನಿಂತಿತು. ಯಜ್ಞದತ್ತ ಆ ಸಾಲಿನಲ್ಲಿ ನಿಂತು, ಕೂದಲು ನರೆಸಿಕೊಂಡು, ಕಾರ್ಡು ಪಡೆದು, ಮತ್ತೆ ಐದು ವರ್ಷ ಕಾದು ಪೌರನಾದ. ಪೌರನಾದ ಮೇಲೆ ತಂದೆತಾಯಿಗೆ ಅರ್ಜಿ ಹಾಕಿದ. ಇಪ್ಪತ್ತೊಂದು ದಾಟಿದ ಪೌರನ ತಂದೆತಾಯಿಗೆ ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ. ಹೀಗಾಗಿ ಬೇಕೇ ಬೇಕು ಎಂದವನು ಯೌವನ ಸವೆಸಿ ಪಡೆದದ್ದನ್ನು, ಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದಿದ್ದವರು ಸಾಲಿಲ್ಲದೆ ಪಡೆದರು.

ಇಲ್ಲೊಂದು ಸೂಕ್ಷ್ಮವಿದೆ. ಕಾರ್ಡು ಬರುವ ಮೊದಲು ದೇವದತ್ತರು ವಿಸಿಟರ್ ವೀಸಾದವರು. ಚೆನ್ನೈ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತು, "ಖಂಡಿತ ವಾಪಸು ಬರುತ್ತೇನೆ ಸ್ವಾಮಿ, ಮೈಸೂರಿನಲ್ಲಿ ಮನೆಯಿದೆ, ಪೆನ್ಷನ್ ಇದೆ, ನೆಂಟರಿಷ್ಟರಿದ್ದಾರೆ" ಎಂದು ಮನೆಯ ಖಾತೆ, ಕಂದಾಯದ ರಸೀತಿ, ಬ್ಯಾಂಕಿನ ಪುಸ್ತಕ ಎಲ್ಲವನ್ನೂ ಒಯ್ದು ನಂಬಿಸಿದವರು. ಕಾರ್ಡು ಕೈಗೆ ಬಂದ ಗಳಿಗೆಯಿಂದ ಆ ಖಾತೆ, ಆ ರಸೀತಿ, ಆ ಪುಸ್ತಕಗಳೇ ಅವರ ವಿರುದ್ಧ ಸಾಕ್ಷಿ. ನಿನ್ನೆಯವರೆಗೆ ಹಿಂತಿರುಗಿ ಹೋಗುವೆನೆಂದು ರುಜುವಾತು ಮಾಡಬೇಕಿತ್ತು; ಇವತ್ತಿನಿಂದ ಹೋಗೆನೆಂದು ರುಜುವಾತು ಮಾಡಬೇಕು. ಮನುಷ್ಯ ಅದೇ, ಮನೆ ಅದೇ, ಮಂಡಿನೋವೂ ಅದೇ.

ದ್ವಿತೀಯ ಪ್ರಕರಣ: ಕಾಲಗಣನೆ

ಗಡಿಶಾಸ್ತ್ರದಲ್ಲಿ ಕಾಲಕ್ಕೆ ನಾಲ್ಕು ಯುಗಗಳು.

ಮೊದಲನೆಯದು ಕೃತಯುಗ: ಹೊರಗಿದ್ದದ್ದು 180 ದಿನ ಮೀರಿಲ್ಲ. ಇಂಥವರು ಹೊಸದಾಗಿ ಪ್ರವೇಶ ಕೇಳುತ್ತಿದ್ದಾರೆಂದು ಕಾನೂನು ಸಾಮಾನ್ಯವಾಗಿ ಭಾವಿಸುವುದಿಲ್ಲ. ಎರಡನೆಯದು ತ್ರೇತಾಯುಗ: 180 ದಿನ ಮೀರಿದೆ, ವರ್ಷ ತುಂಬಿಲ್ಲ. ಕಾರ್ಡು ನಡೆಯುತ್ತದೆ, ಆದರೆ 1996ರ ಕಾನೂನಿನ ಪ್ರಕಾರ ನೀವು ಹೊಸದಾಗಿ ಪ್ರವೇಶ ಕೋರಿ ಬಂದವರ ಲೆಕ್ಕ, ಪ್ರಶ್ನೆಗಳು ಮೊದಲಿನಿಂದ ಶುರು. ಮುಂದೆ ಪೌರತ್ವ ಕೇಳುವ ಆಸೆಯಿದ್ದವರಿಗೆ, ಆರು ತಿಂಗಳು ಮೀರಿದ ಗೈರುಹಾಜರಿ ಸತತ ವಾಸಕ್ಕೆ ಭಂಗ ತಂದಿತೆಂದೇ ಮೊದಲ ಎಣಿಕೆ. ಹಾಗಲ್ಲವೆಂದು ಸಾಧಿಸುವ ಹೊರೆ ಅವರದೇ. ಮೂರನೆಯದು ದ್ವಾಪರ: ವರ್ಷ ತುಂಬಿತು. ಈಗ ಕಾರ್ಡೊಂದನ್ನೇ ತೋರಿಸಿ ಒಳಗೆ ಬರುವಂತಿಲ್ಲ. ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿದವರು ಹೆಚ್ಚೆಂದರೆ ಎರಡು ವರ್ಷ ನಿಶ್ಚಿಂತರು. ಅರ್ಜಿ ಹಾಕುವ ದಿನ ಅಮೆರಿಕದ ನೆಲದ ಮೇಲೇ ಇರಬೇಕು. ಮೈಸೂರಿಗೆ ಬಂದ ಮೇಲೆ, ಬರಲು ಅಪ್ಪಣೆ ಕೊಡಿ ಎಂದು ಕೇಳುವಂತಿಲ್ಲ. ಕಳೆದ ಐದರಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಹೊರಗೇ ಕಳೆದವರಿಗೆ ಸಾಮಾನ್ಯವಾಗಿ ಒಂದೇ ವರ್ಷದ ಪರ್ಮಿಟ್. ನಾಲ್ಕನೆಯದು ಕಲಿಯುಗ: ಅದೂ ಮೀರಿತು. ಆಗ ಎಸ್‌ಬಿ-1 ಎಂಬ ಮರಳುವ ನಿವಾಸಿಯ ವೀಸಾ ಒಂದೇ ಗತಿ. ಮರಳುವ ಮನಸ್ಸಿಟ್ಟುಕೊಂಡೇ ಹೊರಟಿದ್ದೆವು, ತಡವಾದದ್ದು ನಮ್ಮ ಕೈಮೀರಿದ ಕಾರಣದಿಂದ ಎಂದು ಕಾನ್ಸುಲೇಟಿನಲ್ಲಿ ಸಾಧಿಸಬೇಕು. "ಮಾವಿನಕಾಯಿ ಕಾಲ ಮುಗಿಯಲಿ ಅಂತ ಕಾದೆವು" ಎಂಬುದು ಕೈಮೀರಿದ ಕಾರಣವಾಗದು.

2020ರ ಪ್ರಳಯವನ್ನು ಇಲ್ಲಿ ಸ್ಮರಿಸಬೇಕು. ಆ ಮಾರ್ಚಿನಲ್ಲಿ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ವೇಳಾಪಟ್ಟಿಯ ಹಾರಾಟ ಮತ್ತೆ ಮೊದಲಾದದ್ದು 2022ರ ಮಾರ್ಚ್ 27ಕ್ಕೆ. ಮಗನ ಊರಿನ ಚಳಿ ಕಳೆಯಲೆಂದು ಬಂದಿದ್ದ ಅನೇಕ ಹಿರಿಯರ ಮೇಲೆ ಯುಗಗಳು ಒಂದರ ಮೇಲೊಂದು ಉರುಳಿದವು. ಕೈಮೀರಿದ ಕಾರಣ ಹೇಗಿರುತ್ತದೆಂದು ನಮ್ಮವರಿಗೆ ಪ್ರತ್ಯಕ್ಷವಾಗಿ ತಿಳಿದದ್ದು ಆಗ.

ಇನ್ನು "ಆರು ತಿಂಗಳು" ಎಂದರೆ ಎಷ್ಟು ದಿನ? ಈ ಪ್ರಶ್ನೆಯಲ್ಲಿ ಪಂಚಾಂಗ ಪಂಥಗಳು ಹೊಡೆದಾಡುತ್ತವೆ. ಚಾಂದ್ರಮಾನದ ಆರು ಮಾಸಕ್ಕೆ ಸುಮಾರು 177 ದಿನ. ಯುಗಾದಿ ಕಳೆದು ಬಂದು ಆರು ಮಾಸಕ್ಕೆ ಸರಿಯಾಗಿ ಹಿಂತಿರುಗುವ ಸ್ಮಾರ್ತರೂ ಮಾಧ್ವರೂ ಮೂರು ದಿನದ ಲಾಭದಲ್ಲಿ ಗಡಿ ದಾಟುತ್ತಾರೆ. ಸೌರಮಾನದವರ ಪಾಡು ಬೇರೆ: ಮಕರ ಸಂಕ್ರಮಣದಿಂದ ಕರ್ಕ ಸಂಕ್ರಮಣಕ್ಕೆ ಸುಮಾರು 183 ದಿನ. ಉತ್ತರಾಯಣ ಪೂರ್ತಿ ಊರಿನಲ್ಲಿ ಕಳೆದ ಪುಣ್ಯವಂತರು ನೇರವಾಗಿ ತ್ರೇತಾಯುಗಕ್ಕೆ ಇಳಿಯುತ್ತಾರೆ. ಚಾಂದ್ರಮಾನದವರೂ ಮೈಮರೆಯುವಂತಿಲ್ಲ. ನಡುವೆ ಅಧಿಕಮಾಸ ಬಂದರೆ ಆರು ಮಾಸ ಏಳಾಗಿ ಲೆಕ್ಕ 207 ದಿನಕ್ಕೆ ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದು ಪಂಚಾಂಗದವರಿಗೆ ಗೊತ್ತಿತ್ತು, ಗಡಿಯವರಿಗೆ ಗೊತ್ತಿರಲಿಲ್ಲ. ಅಧಿಕಮಾಸದಲ್ಲಿ ಮಾಡಿದ ದಾನಕ್ಕೆ ಫಲ ಹೆಚ್ಚು ಎನ್ನುತ್ತಾರೆ. ಅಧಿಕಮಾಸದಲ್ಲಿ ಮಾಡಿದ ವಾಸಕ್ಕೂ ಹಾಗೆಯೇ.

ಭಾರತದ ಆದಾಯ ತೆರಿಗೆಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಇಲ್ಲಿ ಒಂದು ಹಣಕಾಸು ವರ್ಷದಲ್ಲಿ 182 ದಿನ ಇದ್ದರೆ ನೀವು ನಿವಾಸಿ. ಅಮೆರಿಕವೋ, ಕಾರ್ಡು ಇರುವ ತನಕ ನೀವೆಲ್ಲಿದ್ದರೂ ನಮ್ಮವರೇ, ಜಗತ್ತಿನಲ್ಲಿ ಎಲ್ಲಿ ಗಳಿಸಿದರೂ ನಮಗೆ ಲೆಕ್ಕ ಕೊಡಿ ಎನ್ನುತ್ತದೆ. ಮೈಸೂರಿನ ಪೆನ್ಷನ್ನಿಗೂ ಫಿಕ್ಸೆಡ್ ಡಿಪಾಜಿಟ್ಟಿನ ಬಡ್ಡಿಗೂ ಎರಡು ಕಡೆ ಉತ್ತರ ಹೇಳಬೇಕು. ಒಂದೇ ದೇವದತ್ತರು ಒಂದೇ ವರ್ಷದಲ್ಲಿ ಎರಡು ದೇಶದ ನಿವಾಸಿಯಾಗಬಲ್ಲರು. ಇದನ್ನು ದ್ವೈತವೆನ್ನಬೇಕೋ ಅದ್ವೈತವೆನ್ನಬೇಕೋ ಎಂಬುದನ್ನು ಚಾರ್ಟರ್ಡ್ ಅಕೌಂಟೆಂಟರಿಗೆ ಬಿಟ್ಟಿದ್ದೇವೆ.

ತೃತೀಯ ಪ್ರಕರಣ: ಪೂರ್ವಪಕ್ಷ ಮತ್ತು ಎರಡು ಅಧಿಕರಣಗಳು

ಪೂರ್ವಪಕ್ಷ ಹೀಗಿದೆ: ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿದರೆ ಸಾಕು, ಕಾರ್ಡು ಉಳಿಯುತ್ತದೆ. ಇದನ್ನು "ಗ್ರೀನ್ ಕಾರ್ಡ್ ಮೆಂಟೇನ್ ಮಾಡೋದು" ಎನ್ನುತ್ತಾರೆ. ಬೆಳಗಿನ ವಾಕಿಂಗಿಗೆ ಬರುವವರಲ್ಲಿ ಈ ಪಕ್ಷಕ್ಕೆ ಬಹುಮತವಿದೆ. ಇದರ ಬಲಾಬಲ ತಿಳಿಯಲು ಎರಡು ಅಧಿಕರಣಗಳನ್ನು ನೋಡೋಣ.

ಮೊದಲನೆಯದು ಫ್ಲೂಟಿ ಅಧಿಕರಣ. ವಿಷಯ: ಸ್ವಿಟ್ಜರ್ಲೆಂಡಿನ ಫ್ಲೂಟಿ ಎಂಬಾತ 1952ರಲ್ಲಿ ಅಮೆರಿಕದ ಖಾಯಂ ನಿವಾಸಿಯಾದ, 1956ರಲ್ಲಿ ಒಂದೆರಡು ಗಂಟೆ ಮೆಕ್ಸಿಕೋದ ಎನ್ಸೆನಾಡಕ್ಕೆ ಹೋಗಿಬಂದ. ಸಂಶಯ: ಊಟದ ಹೊತ್ತಿಗೆ ಹೋಗಿ ಕಾಫಿಯ ಹೊತ್ತಿಗೆ ಬಂದದ್ದನ್ನೂ ಹೊಸ ಪ್ರವೇಶವೆನ್ನಬೇಕೇ? ಸರ್ಕಾರದ ಪಕ್ಷ: ಎನ್ನಬೇಕು, ಗಡಿ ಎಂದರೆ ಗಡಿ. ಸಿದ್ಧಾಂತ: 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಲ್ಪಕಾಲದ, ಸಹಜವಾದ, ನಿಷ್ಕಪಟ ಸುತ್ತಾಟವನ್ನು ಹಾಗೆ ಎಣಿಸಲಾಗದು ಎಂದಿತು. ಈ ಉದಾರ ಸಿದ್ಧಾಂತ ಮೂರು ದಶಕ ಆಳಿತು. ಅಲ್ಪಕಾಲವೆಂದರೆ ಎಷ್ಟೆಂದು ಎಲ್ಲರೂ ಕೇಳತೊಡಗಿದ್ದರಿಂದ, 1996ರಲ್ಲಿ ಶಾಸನಸಭೆ 180 ಎಂಬ ಅಂಕಿಯನ್ನು ನೆಟ್ಟಿತು. ವಿವೇಕವಿದ್ದ ಜಾಗದಲ್ಲಿ ಕ್ಯಾಲೆಂಡರ್ ಬಂದು ಕುಳಿತಿತು.

ಎರಡನೆಯದು ಕೇನ್ ಅಧಿಕರಣ, 1975. ವಿಷಯ: ಜಮೈಕಾದ ಮಹಿಳೆ, ವರ್ಷದಲ್ಲಿ ಹನ್ನೊಂದು ತಿಂಗಳು ಜಮೈಕಾದಲ್ಲಿ ತಮ್ಮ ವಸತಿಗೃಹ ನೋಡಿಕೊಳ್ಳುತ್ತಿದ್ದರು, ಒಂದು ತಿಂಗಳು ಅಮೆರಿಕಕ್ಕೆ ಬಂದು ಹೋಗುತ್ತಿದ್ದರು. ಸಂಶಯ: ವರ್ಷ ತುಂಬುವ ಮೊದಲೇ ಪ್ರತಿಸಲ ಬರುತ್ತಿದ್ದಾರಲ್ಲ, ಕಾರ್ಡು ಉಳಿಯುತ್ತದೆಯೇ? ವಾಕಿಂಗ್ ಪಕ್ಷ: ಉಳಿಯಲೇಬೇಕು. ಸಿದ್ಧಾಂತ: ಉಳಿಯದು. ವಲಸೆ ಮೇಲ್ಮನವಿ ಮಂಡಳಿ ದಿನಗಳನ್ನು ಎಣಿಸಿ ಸುಮ್ಮನಾಗದೆ ಮೂರು ಪ್ರಶ್ನೆ ಕೇಳಿತು. ಹೊರಗೆ ಹೋದದ್ದು ಯಾವ ಕೆಲಸಕ್ಕೆ? ಆ ಕೆಲಸಕ್ಕೆ ಒಂದು ಕೊನೆ ಗೊತ್ತಿತ್ತೇ? ಮನೆ, ಉದ್ಯೋಗ ಎಲ್ಲಿವೆ? ಹನ್ನೊಂದು ತಿಂಗಳು ಇರುವ ಊರಿಗೆ ಭೇಟಿ ಕೊಟ್ಟು ಬಂದೆವೆನ್ನಲಾಗದು. ಭೇಟಿ ಕೊಟ್ಟದ್ದು ಒಂದು ತಿಂಗಳು ಇದ್ದ ಊರಿಗೆ ಎಂದು ತೀರ್ಮಾನವಾಯಿತು.

ಈ ತೀರ್ಪನ್ನು ದೇವದತ್ತರಿಗೆ ಓದಿ ಹೇಳಿದಾಗ ಅವರು, "ನಾನು ವಸತಿಗೃಹ ನಡೆಸೋದಿಲ್ಲವಲ್ಲ" ಎಂದರು. ಅವರ ಮನೆಯವರು ಒಳಗಿನಿಂದ, "ನಿಮ್ಮ ಕಡೆಯ ನೆಂಟರಿಗೆ ಮೂವತ್ತೈದು ವರ್ಷ ಅಡಿಗೆ ಮಾಡಿದ್ದೀನಿ, ಅದು ಇನ್ನೇನು?" ಎಂದರು. ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಪರಿಹಾರ ಸಿಗಲಿಲ್ಲ.

ಚತುರ್ಥ ಪ್ರಕರಣ: ಪ್ರಮಾಣ ಷಟ್ಕ

ಭಾಟ್ಟ ಮೀಮಾಂಸಕರ ಪ್ರಕಾರ ಸತ್ಯ ತಿಳಿಯಲು ಆರು ಪ್ರಮಾಣಗಳಿವೆ. ಗಾಜಿನ ಹಿಂದೆ ಕುಳಿತ ಅಧಿಕಾರಿ ಕುಮಾರಿಲ ಭಟ್ಟರನ್ನು ಓದಿದವನಲ್ಲ. ಆದರೂ ಆರನ್ನೂ ಎರಡೇ ನಿಮಿಷದಲ್ಲಿ ಪ್ರಯೋಗಿಸುತ್ತಾನೆ.

ಪ್ರತ್ಯಕ್ಷ: ಪಾಸ್‌ಪೋರ್ಟಿನ ಮುದ್ರೆ ಮತ್ತು ಕಂಪ್ಯೂಟರಿನ ಪರದೆ. ದೇವದತ್ತರು "ಸುಮಾರು ಆರು ತಿಂಗಳಾಗಿರಬಹುದು" ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೊರಟ ದಿನ, ಬಂದ ದಿನ ಎರಡೂ ಅವನ ಕಣ್ಣ ಮುಂದಿರುತ್ತವೆ.

ಅನುಮಾನ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಬೆಂಗಳೂರಿನಿಂದ ಹೊರಟು ಬೆಂಗಳೂರಿಗೇ ಮುಗಿಯುವ ರಿಟರ್ನ್ ಟಿಕೆಟೋ ಅಲ್ಲಿ ಬೆಂಗಳೂರಿನ ಆಸುಪಾಸಿನ ವಾಸ. ಟಿಕೆಟ್ ಮಾಡಿಸಿದವನು ಯಜ್ಞದತ್ತ. ಹಾಗೆ ಮಾಡಿಸಿದರೆ ಇನ್ನೂರು ಡಾಲರ್ ಕಡಿಮೆಯಾಗುತ್ತಿತ್ತು.

ಉಪಮಾನ: ಕಾಡಿನ ಗವಯ ನೋಡಲು ಊರ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಗುರುತಿಸುತ್ತಾನೆ. ಹೊಸ ಸ್ವೆಟರು, ಬಿಳಿ ಶೂಸು, ಕುತ್ತಿಗೆಗೆ ಪಾಸ್‌ಪೋರ್ಟ್ ಚೀಲ, ಎಲ್ಲ ಫಲಕಗಳನ್ನೂ ನಿಂತು ಓದುವ ಕುತೂಹಲ: ನೋಡಲು ಪ್ರವಾಸಿಯಂತಿರುವುದು ಪ್ರವಾಸಿ.

ಶಬ್ದ, ಎಂದರೆ ಆಪ್ತವಾಕ್ಯ: "ಎದುರು ಮನೆಯವರ ಷಡ್ಡಕ ಹತ್ತು ವರ್ಷದಿಂದ ಹೀಗೇ ಹೋಗಿಬರುತ್ತಿದ್ದಾರೆ, ಯಾರೂ ಒಂದು ಮಾತು ಕೇಳಿಲ್ಲ." ವಾಟ್ಸಾಪಿನಲ್ಲಿ ಈ ಪ್ರಮಾಣಕ್ಕೆ ಸಾಟಿಯಿಲ್ಲ, ಗಡಿಯಲ್ಲಿ ಮಾತ್ರ ಷಡ್ಡಕರು ಸಿಗುವುದಿಲ್ಲ.

ಅರ್ಥಾಪತ್ತಿ: ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬುದು ಪ್ರಾಚೀನ ದೃಷ್ಟಾಂತ. ಅರ್ವಾಚೀನ ದೃಷ್ಟಾಂತ: ಖಾಯಂ ನಿವಾಸಿ ದೇವದತ್ತರ ಚೀಲದಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಸರಿಯಾಗಿ ನಾಲ್ಕು ತಿಂಗಳಿಗೆ ಸಾಲುವಷ್ಟಿವೆ. ಆದ್ದರಿಂದ ಐದನೆಯ ತಿಂಗಳು ಅವರು ಮೈಸೂರಿನ ಮೆಡಿಕಲ್ ಸ್ಟೋರಿನ ಮುಂದಿರುತ್ತಾರೆ. ಇದರಲ್ಲಿ ಅನ್ಯೋನ್ಯಾಶ್ರಯ ದೋಷವಿದೆ ಎಂಬುದನ್ನು ಗಮನಿಸಬೇಕು. ಅಲ್ಲಿ ಕೆಲಸ ಮಾಡದ, 65 ದಾಟಿದ ಖಾಯಂ ನಿವಾಸಿ ದುಡ್ಡು ಕಟ್ಟಿ ಮೆಡಿಕೇರ್ ಸೇರಬೇಕಾದರೂ ಐದು ವರ್ಷ ಸತತವಾಗಿ ಅಲ್ಲೇ ವಾಸವಿರಬೇಕು. ಮೆಡಿಕೇರ್ ಇಲ್ಲದ್ದರಿಂದ ಹಲ್ಲು, ಕಣ್ಣು, ಹೃದಯ ತೋರಿಸಲು ಮೈಸೂರಿಗೆ ಬರಬೇಕು. ಮೈಸೂರಿಗೆ ಬಂದದ್ದರಿಂದ ವಾಸ ಸತತವಾಗದು. ಸತತವಾಗದ್ದರಿಂದ ಮೆಡಿಕೇರ್ ಇಲ್ಲ.

ಅನುಪಲಬ್ಧಿ: ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲ. ದೇವದತ್ತರ ಹೆಸರಿನಲ್ಲಿ ಅಲ್ಲಿ ಕರೆಂಟ್ ಬಿಲ್ಲಿಲ್ಲ, ಬಾಡಿಗೆ ಕರಾರಿಲ್ಲ, ಬ್ಯಾಂಕಿನ ಖಾತೆಯಲ್ಲಿ ವಹಿವಾಟಿಲ್ಲ, ಟ್ಯಾಕ್ಸ್ ರಿಟರ್ನ್ ಇಲ್ಲ. ಕೊನೆಯದು ಎಲ್ಲಕ್ಕಿಂತ ಘೋರ. ರಿಟರ್ನ್ ಹಾಕದಿರುವುದು ಒಂದು ತಪ್ಪು. ತೆರಿಗೆ ಉಳಿಸಲೆಂದು ಅನಿವಾಸಿಯ ನಮೂನೆಯಲ್ಲಿ ಹಾಕುವುದು ನಾನು ನಿವಾಸಿಯಲ್ಲ ಎಂದು ಸ್ವಹಸ್ತದಿಂದ ಬರೆದುಕೊಟ್ಟಂತೆ. ಈ ಅನುಪಲಬ್ಧಿಯನ್ನು ನೀಗಲು ಬುದ್ಧಿವಂತ ಸೊಸೆಯಂದಿರು ಒಂದು ಫೈಲು ಮಾಡಿಕೊಡುತ್ತಾರೆ: ರಾಜ್ಯದ ಗುರುತಿನ ಚೀಟಿ, ಲೈಬ್ರರಿ ಕಾರ್ಡು, ಡಾಕ್ಟರ ಅಪಾಯಿಂಟ್‌ಮೆಂಟು, ಐದು ವರ್ಷದ ತೆರಿಗೆ ಕಾಗದ. ಮಾವನವರು ಅದನ್ನು ಜೋಪಾನವಾಗಿ ಚೆಕ್-ಇನ್ ಸೂಟ್‌ಕೇಸಿನ ತಳದಲ್ಲಿ, ಚಟ್ನಿಪುಡಿಯ ಕೆಳಗೆ ಇಡುತ್ತಾರೆ.

ಪಂಚಮ ಪ್ರಕರಣ: ದ್ರವ್ಯ ಶುದ್ಧಿ

ಚಟ್ನಿಪುಡಿಯ ಪ್ರಸ್ತಾಪ ಬಂದದ್ದರಿಂದ ಸಂಗ್ರಹವಾಗಿ ಹೇಳುತ್ತೇವೆ. ಹುಳಿಪುಡಿ, ಮೆಂತ್ಯದ ಹಿಟ್ಟು, ಉಪ್ಪಿನಕಾಯಿಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಹಸಿ ಕರಿಬೇವು ನಿಷಿದ್ಧ, ಏಕೆಂದರೆ ನಿಂಬೆ ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಒಂದು ಜಿಗಿಹುಳು ಆ ಗಿಡದ ಮೇಲೂ ಬದುಕುತ್ತದೆ. ಊರಿನ ಅಕ್ಕಿಯೂ ನಿಷಿದ್ಧ, ಖಾಪ್ರಾ ಎಂಬ ದುಂಬಿಯ ಭಯದಿಂದ. ಚೀಲದಲ್ಲಿ ಏನಿದ್ದರೂ ಇದೆ ಎಂದು ಹೇಳಿಬಿಟ್ಟರೆ ಹೆಚ್ಚೆಂದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ, ಮುಚ್ಚಿಟ್ಟರೆ ದಂಡ. ಕರಿಬೇವು ಹೊಕ್ಕ ನೆಲದಲ್ಲೇ ಬೇರುಬಿಟ್ಟೀತೆಂದು ಅವರಿಗೆ ಭಯ, ಹಿರಿಯರು ಬೇರುಬಿಡಲಿಲ್ಲವೆಂದು ದೂರು.

ಷಷ್ಠ ಪ್ರಕರಣ: ಸಂವಾದ

ವಿಮಾನದಿಂದಿಳಿದ ಮೇಲೆ ಮೊದಲ ಸಂಸ್ಕಾರ ಚಕ್ರಪೀಠಾರೋಹಣ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರೂ ಇಲ್ಲಿ ವೀಲ್‌ಚೇರ್ ಏರುತ್ತಾರೆ. ಕಾಲಿಗೆ ಶಕ್ತಿಯಿಲ್ಲವೆಂದಲ್ಲ, ದಾರಿ ತೋರಲು ಒಬ್ಬರು ಬೇಕೆಂದು. ಅಬುಧಾಬಿಯ ಮೂಲಕ ಬರುವವರಿಗೆ ಈ ಸಂಸ್ಕಾರ ಅರ್ಧ ದಾರಿಯಲ್ಲೇ ಆಗುತ್ತದೆ. 2014ರಿಂದ ಅಮೆರಿಕದ ಗಡಿ ಅಧಿಕಾರಿಗಳು ಆ ವಿಮಾನ ನಿಲ್ದಾಣಕ್ಕೇ ಬಂದು ಕುಳಿತಿದ್ದಾರೆ. ಮರುಭೂಮಿಯಲ್ಲಿ ಇಮಿಗ್ರೇಷನ್ ಮುಗಿಸಿದವರು ನ್ಯೂಯಾರ್ಕಿನಲ್ಲಿ ದೇಶದೊಳಗಿನ ಪ್ರಯಾಣಿಕರ ಹಾಗೆ ಇಳಿಯುತ್ತಾರೆ.

ಬಳಿಕ ಪ್ರಶ್ನೋತ್ತರ.

"ಹೊರಗೆ ಹೋಗಿ ಎಷ್ಟು ದಿನವಾಯಿತು?"

"ಎಂಟು ತಿಂಗಳು, ಸಾರ್."

"ಅಲ್ಲಿ ಏನು ಮಾಡುತ್ತಿದ್ದಿರಿ?"

"ಏನಿಲ್ಲ, ಸುಮ್ಮನೆ ಮನೆಯಲ್ಲಿದ್ದೆ."

ಭಾಷ್ಯ: ಹೋದ ಕೆಲಸ ಯಾವುದು ಎಂಬುದು ಕೇನ್ ಅಧಿಕರಣದ ಮೊದಲ ಪ್ರಶ್ನೆ. ಕೆಲಸವೇ ಇರಲಿಲ್ಲವೆಂದೂ ಮನೆ ಅಲ್ಲಿದೆಯೆಂದೂ ದೇವದತ್ತರು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡರು. ನಿಜವಾಗಿ ಅವರು ಅಣ್ಣನ ವರ್ಷಾಂತಿಕ ಮುಗಿಸಿದರು, ತಂಗಿಯ ಮಗಳ ಮದುವೆಗೆ ಓಡಾಡಿದರು, ಖಾತೆ ವರ್ಗಾವಣೆಗೆಂದು ಕಚೇರಿಯ ಮೆಟ್ಟಿಲು ಸವೆಸಿದರು. ಇವೆಲ್ಲ ಕೊನೆ ಗೊತ್ತಿರುವ, ಕಾಗದ ಇರುವ ಕಾರಣಗಳು. ಖಾತೆ ವರ್ಗಾವಣೆಯ ಕೊನೆಯನ್ನು ಮಾತ್ರ ಪ್ರಮಾಣೀಕರಿಸಲಾಗದು. ನಮ್ಮವರಿಗೆ ಕರ್ತವ್ಯವನ್ನು ಕೆಲಸವೆಂದು ಹೇಳಿಕೊಳ್ಳುವ ಅಭ್ಯಾಸವಿಲ್ಲ.

"ಈಗ ಎಲ್ಲಿಗೆ ಹೋಗುತ್ತೀರಿ?"

"ಮಗನ ಮನೆಗೆ."

ಭಾಷ್ಯ: ತಾವೇ ಹೊಸ್ತಿಲ ಪೂಜೆ ಮಾಡಿ ಹಾಲುಕ್ಕಿಸಿದ ಮನೆಯಾದರೂ ಅದು ಮಗನ ಮನೆ ಎನ್ನುವುದು ಹಿರಿಯರ ಸಂಕೋಚ. ಮಗಳ ಮನೆಯಾದರೆ ಕಷ್ಟ ಇಮ್ಮಡಿ. ಹೆಣ್ಣು ಕೊಟ್ಟ ಮನೆಯಲ್ಲಿ ಬಹಳ ದಿನ ಇರಬಾರದೆಂದು ಕೇಳಿ ಬೆಳೆದವರು, ಅಳಿಯನ ಮನೆಯೇ ನನ್ನ ಖಾಯಂ ಮನೆ ಎಂದು ಸಮವಸ್ತ್ರದವನ ಮುಂದೆ ಹೇಳಬೇಕು.

"ಎಷ್ಟು ದಿನ ಇರುತ್ತೀರಿ?"

ಭಾಷ್ಯ: ಇದು ಪರೀಕ್ಷಾಪ್ರಶ್ನೆ. ಖಾಯಂ ನಿವಾಸಿಗೆ ಇದಕ್ಕೆ ಅಂಕಿಯ ಉತ್ತರವಿಲ್ಲ. ಸುಳ್ಳಾಡದ ದೇವದತ್ತರು ಅಂಕಿಯನ್ನೇ ಕೊಡುತ್ತಾರೆ:

"ಅಕ್ಟೋಬರ್ ಕೊನೆಯವರೆಗೆ. ಆಮೇಲೆ ಚಳಿ ತಡೆಯೋದಿಲ್ಲ. ನವೆಂಬರಿನಲ್ಲಿ ಪೆನ್ಷನ್ನಿಗೆ ಲೈಫ್ ಸರ್ಟಿಫಿಕೇಟ್ ಬೇರೆ ಕೊಡಬೇಕು."

ಲೈಫ್ ಸರ್ಟಿಫಿಕೇಟನ್ನು ಈಗ ಮೊಬೈಲಿನಲ್ಲೇ ಕೊಡಬಹುದು. ಡಿಜಿಟಲ್ ಜೀವನ ಪ್ರಮಾಣ ಬಂದದ್ದು 2014ರಲ್ಲಿ. ಆದರೂ ಬ್ಯಾಂಕಿಗೆ ಹೋಗಿ, ಮ್ಯಾನೇಜರ ಎದುರು ಕುಳಿತು, ಹಳೆಯ ಸಹೋದ್ಯೋಗಿಗಳಲ್ಲಿ ಯಾರು ಇನ್ನೂ ಬರುತ್ತಿದ್ದಾರೆಂದು ನೋಡದಿದ್ದರೆ ಬದುಕಿರುವ ವಿಷಯ ಸ್ವತಃ ತಮಗೇ ಖಾತ್ರಿಯಾಗದು. ಒಂದು ಸರ್ಕಾರಕ್ಕೆ ಬದುಕಿದ್ದೇನೆಂದು ಸಾಧಿಸಬೇಕು, ಇನ್ನೊಂದಕ್ಕೆ ಅಲ್ಲೇ ಬದುಕುತ್ತಿದ್ದೇನೆಂದು ಸಾಧಿಸಬೇಕು. ಎರಡನ್ನೂ ಒಟ್ಟಿಗೆ ಸಾಧಿಸಿದವರು ವಿರಳ.

ಇಷ್ಟಾದ ಮೇಲೆ ಅಧಿಕಾರಿ ಪಾಸ್‌ಪೋರ್ಟನ್ನು ಬಣ್ಣದ ಕವರಿಗೆ ಹಾಕಿ ಇನ್ನೊಂದು ಕೋಣೆಯತ್ತ ಕೈತೋರುತ್ತಾನೆ. ಅದಕ್ಕೆ ಸೆಕೆಂಡರಿ ಎನ್ನುತ್ತಾರೆ. ಹೊರಗೆ ಯಜ್ಞದತ್ತ ಪಾರ್ಕಿಂಗಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ತೆರುತ್ತಿರುತ್ತಾನೆ.

ಸಪ್ತಮ ಪ್ರಕರಣ: ಸಂನ್ಯಾಸ ವಿಚಾರ

ಆ ಕೋಣೆಯಲ್ಲಿ ಐ-407 ಎಂಬ ಪತ್ರ ಎದುರಾಗಬಹುದು. "ನನ್ನ ಖಾಯಂ ನಿವಾಸವನ್ನು ನಾನೇ ಬಿಟ್ಟಿದ್ದೇನೆ" ಎಂಬುದು ಅದರ ತಾತ್ಪರ್ಯ. ಸಂನ್ಯಾಸಕ್ಕೂ ಇದಕ್ಕೂ ಒಂದೇ ಲಕ್ಷಣ: ಸ್ವಂತ ಇಚ್ಛೆಯಿಂದ ಮಾತ್ರ ಸ್ವೀಕಾರ್ಯ, ಬಲವಂತದ ಸಂನ್ಯಾಸ ಸಂನ್ಯಾಸವಲ್ಲ. ಹದಿನೆಂಟು ಗಂಟೆ ಕುಳಿತು ಬಂದು, ಊಟ ಬಿಟ್ಟು, ಸೊಂಟ ಹಿಡಿದುಕೊಂಡ ಮುದುಕರಿಗೆ ಯಾವ ಕಾಗದ ಕೊಟ್ಟರೂ ಸಹಿ ಹಾಕುವಷ್ಟು ವೈರಾಗ್ಯ ತಾನಾಗಿ ಬಂದಿರುತ್ತದೆ. ಅದನ್ನು ಸ್ವಂತ ಇಚ್ಛೆ ಎನ್ನಲಾಗದು.

ಆದಕಾರಣ ಇದೊಂದು ಪ್ರಕರಣವನ್ನು ನಗದೆ ಓದಬೇಕು. ಗಡಿಯ ಅಧಿಕಾರಿಗೆ ಕಾರ್ಡನ್ನು ತನ್ನಷ್ಟಕ್ಕೆ ರದ್ದುಮಾಡುವ ಅಧಿಕಾರವಿಲ್ಲ. ನಿವಾಸ ಬಿಟ್ಟಿದ್ದಾರೆಂದು ಅವನಿಗೆ ತೋರಿದರೆ ನೋಟೀಸು ಕೊಟ್ಟು ವಲಸೆ ನ್ಯಾಯಾಧೀಶರ ಮುಂದೆ ಕಳಿಸಬೇಕು. ಅಲ್ಲಿ ಸ್ಪಷ್ಟವಾದ, ಸಂದಿಗ್ಧವಿಲ್ಲದ, ಮನಗಾಣಿಸುವ ಸಾಕ್ಷ್ಯದಿಂದ ಸಾಧಿಸುವ ಹೊರೆ ಸರ್ಕಾರದ ಮೇಲಿದೆ. ಗಡೀಪಾರಿಗೆ ಈ ಅಳತೆಗೋಲು ನಿಂತದ್ದು 1966ರ ವುಡ್‌ಬಿ ತೀರ್ಪಿನಿಂದ. ಮರಳಿ ಬರುವ ಖಾಯಂ ನಿವಾಸಿಗೆ ನ್ಯಾಯಬದ್ಧ ವಿಚಾರಣೆಯ ಹಕ್ಕಿದೆಯೆಂದು 1982ರ ಪ್ಲಸೆನ್ಸಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. "ನಾನು ಸಹಿ ಮಾಡುವುದಿಲ್ಲ, ನ್ಯಾಯಾಧೀಶರ ಮುಂದೆ ಹೇಳುತ್ತೇನೆ" ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಳ್ಳುವುದು ವಿಷ್ಣು ಸಹಸ್ರನಾಮ ಬರುವವರಿಗೆ ಕಷ್ಟವಾಗಬಾರದು.

ಸಿದ್ಧಾಂತ

ಈವರೆಗಿನ ವಿಚಾರದಿಂದ ತೀರ್ಮಾನವಾಗುವುದಿಷ್ಟು. ಗಡಿಯಲ್ಲಿ ಎಣಿಸುವುದು ದಿನ, ತೂಗುವುದು ಮನೆ. 180 ದಿನದೊಳಗೆ ಬಂದರೂ ಮನೆ ಅಲ್ಲಿಲ್ಲವಾದರೆ ಕಾರ್ಡು ಭದ್ರವಲ್ಲ; ದಿನ ಮೀರಿದರೂ ಮನೆ ಅಲ್ಲೇ ಇದೆಯೆಂದು ತೋರಿಸಬಲ್ಲವರಿಗೆ ಹೆದರಿಕೆಯಿಲ್ಲ. ತೊಡಕಿರುವುದು ಮನೆ ಯಾವುದೆಂದು ನಮ್ಮ ಹಿರಿಯರಿಗೇ ಒಂದೇ ಉತ್ತರ ಇಲ್ಲದಿರುವುದರಲ್ಲಿ. ಮಕ್ಕಳು ಅಲ್ಲಿ, ಮಿಕ್ಕವರೆಲ್ಲ ಇಲ್ಲಿ. ಇಂಥ ಬದುಕಿಗೆ ಯಾವ ಸರ್ಕಾರವೂ ಇನ್ನೂ ಒಂದು ಕಾರ್ಡು ಅಚ್ಚುಹಾಕಿಲ್ಲ. ಇರುವ ಎರಡರಲ್ಲಿ ಒಂದು ನೀವು ಪ್ರವಾಸಿ ಎನ್ನುತ್ತದೆ, ಇನ್ನೊಂದು ನೀವು ಖಾಯಂ ಎನ್ನುತ್ತದೆ.

ಆದ್ದರಿಂದ ಹಿರಿಯರಲ್ಲಿ ಅರಿಕೆ: ಗಾಜಿನ ಹಿಂದಿನವನು ಕೇಳುವ ಮೊದಲು ನೀವಿಬ್ಬರೂ ಕುಳಿತು ಕೇಳಿಕೊಳ್ಳಿ. ಮನೆ ಅಲ್ಲಿ ಎಂದಾದರೆ ತೆರಿಗೆ ಲೆಕ್ಕ ಕೊಡಿ, ಊರಿನಲ್ಲಿ ಹೆಚ್ಚು ದಿನ ಹಿಡಿಯುವ ಕೆಲಸವಿದ್ದರೆ ಹೊರಡುವ ಮೊದಲೇ ಪರ್ಮಿಟ್ಟಿಗೆ ಅರ್ಜಿ ಹಾಕಿ, ಹೋದ ಕಾರಣದ ಕಾಗದಗಳನ್ನು ಕೈಚೀಲದಲ್ಲಿಡಿ. ಮನೆ ಮೈಸೂರು ಎಂದಾದರೆ, ಯಾರೂ ಅಡ್ಡಗಟ್ಟುವ ಮೊದಲೇ ಐ-407 ಅನ್ನು ನೀವೇ ಕಳಿಸಿ ವಿಸಿಟರ್ ವೀಸಾ ಕೇಳಿ. ಎಂಟು ವರ್ಷ ಕಾರ್ಡಿದ್ದವರು ಅದಕ್ಕೂ ಮೊದಲು ತೆರಿಗೆ ಬಲ್ಲವರನ್ನು ವಿಚಾರಿಸಿ. ಯಜ್ಞದತ್ತರಲ್ಲೂ ಒಂದು ಅರಿಕೆ: ಓಡಾಟಕ್ಕೆ ಅನುಕೂಲವೆಂಬ ಒಂದೇ ಕಾರಣಕ್ಕೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಬೇಡಿ. ಅದು ಪಾಸಲ್ಲ, ಅಲ್ಲೇ ಇರುತ್ತೇವೆಂಬ ಮಾತು. ಆ ಮಾತನ್ನು ಅವರು ಕೊಡಬಲ್ಲರೇ ಎಂದು ಅರ್ಜಿ ತುಂಬುವ ಮೊದಲು ಅವರನ್ನೇ ಕೇಳಿ.